ಹಿಮಕ್ಕೆ ಮುಂಚೆ ಬಿತ್ತನೆ: ಚಳಿನಾಡಿನಲ್ಲಿ ದೇಸಿ ಗಿಡಗಳ ತೋಟ

ಉತ್ತರ ಅಮೆರಿಕದ ಕಾಡುಹೂಗಿಡ ಮಿಲ್ಕ್‌ವೀಡ್‌ನ ಬೀಜವನ್ನು ನಾನು ಮೊದಲ ಸಲ ಬಿತ್ತಿದ್ದು ಮೇ ತಿಂಗಳ ಕೊನೆಯಲ್ಲಿ. ಹಿಮವೆಲ್ಲ ಕರಗಿ ಬಿಸಿಲು ಬಂದ ಹುರುಪು. ಕುಂಡಕ್ಕೆ ಮಣ್ಣು ತುಂಬಿಸಿ, ಬೀಜ ಉದುರಿಸಿ, ದಿನಾ ನೀರು ಚಿಮುಕಿಸಿ ಆರು ವಾರ ಕಾದೆ. ಒಂದು ಮೊಳಕೆಯೂ ಏಳಲಿಲ್ಲ. ಬೀಜವೇ ಜೊಳ್ಳು ಎಂದು ಬೈದುಕೊಂಡು ಕುಂಡವನ್ನು ಗೋಡೆಯ ಮೂಲೆಗೆ ತಳ್ಳಿದೆ. ಚಳಿಗಾಲವಿಡೀ ಅದು ಹಿಮದಡಿ ಬಿದ್ದಿತ್ತು. ಮರುವರ್ಷ ಆ ಮೂಲೆ ಗುಡಿಸಲು ಹೋದಾಗ ನೋಡುತ್ತೇನೆ, ಕುಂಡದ ತುಂಬ ದಪ್ಪ ದಪ್ಪ ಜೋಡಿ ಎಲೆಗಳು!

ಆ ಬೀಜ ಕಾಯುತ್ತಿದ್ದುದು ಚಳಿಗೆ. ಶರತ್ಕಾಲದಲ್ಲಿ ನೆಲಕ್ಕೆ ಬಿದ್ದ ಬೀಜ ಆಗಲೇ ಮೊಳೆತುಬಿಟ್ಟರೆ ಎಳೆಗಿಡ ಮೊದಲ ಕಡುಚಳಿಗೇ ಕಪ್ಪಾಗಿ ಸಾಯುತ್ತದೆ. ಹಾಗಾಗಿ ಚಳಿನಾಡಿನ ಎಷ್ಟೋ ಗಿಡಗಳ ಬೀಜ ಒಳಗಿನಿಂದ ಚಿಲಕ ಹಾಕಿಕೊಂಡೇ ಉದುರುತ್ತದೆ. ತೇವ ಮತ್ತು ತಂಪು ಎರಡರಲ್ಲೂ ಕೆಲವು ವಾರ ಕಳೆದ ಮೇಲೆ ಮೊಳಕೆಯನ್ನು ತಡೆಯುವ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಇಳಿದು, ಅದನ್ನು ಎಬ್ಬಿಸುವ ಜಿಬ್ಬರೆಲಿನ್‌ನ ಕೈ ಮೇಲಾಗುತ್ತದೆ. ತೋಟಗಾರರು ಇದಕ್ಕೆ ಸ್ಟ್ರಾಟಿಫಿಕೇಶನ್ ಎನ್ನುತ್ತಾರೆ. ಇಷ್ಟು ತಿಳಿದ ಮೇಲೆ ನನ್ನ ತೋಟದ ಕ್ಯಾಲೆಂಡರೇ ಬದಲಾಯಿತು. ಈಗ ಅದು ಶುರುವಾಗುವುದು ಎಲೆ ಉದುರುವಾಗ. ಈ ಲೇಖನದ ಕ್ರಮವೂ ಅದೇ.

ಗಿಡದ ಜಾತಕ ಮೊದಲು

ದೇಸಿ ಗಿಡ ಎಂದರೆ ಯಾವ ನೆಲಕ್ಕೆ ದೇಸಿ ಎಂದು ಕೇಳಿಕೊಳ್ಳಬೇಕು. ಕೆನಡಾ ಗೋಲ್ಡನ್‌ರಾಡ್ ಉತ್ತರ ಅಮೆರಿಕದ ಮನೆಮಗಳು. ಅದೇ ಗಿಡ ಯುರೋಪ್ ಮತ್ತು ಚೀನಾದಲ್ಲಿ ಹೊಲಗದ್ದೆ ನುಂಗುವ ಕಳೆ. ದೊಡ್ಡೆಲೆಯ ಲುಪಿನ್ ಪಶ್ಚಿಮ ಅಮೆರಿಕದ್ದು, ಫಿನ್ಲೆಂಡ್ ಮತ್ತು ಸ್ವೀಡನ್‌ಗಳಲ್ಲಿ ರಸ್ತೆಬದಿಯನ್ನೆಲ್ಲ ಆಕ್ರಮಿಸಿದೆ. ಆದ್ದರಿಂದ ದೇಶದ ಹೆಸರು ನೋಡಿ ಗಿಡ ಆರಿಸಬೇಡಿ, ನಿಮ್ಮ ಪ್ರದೇಶದ ಕಾಡು, ಹುಲ್ಲುಗಾವಲು, ಜೌಗಿನಲ್ಲಿ ತಾನಾಗಿ ಬೆಳೆಯುವುದೇನು ಎಂದು ನೋಡಿ. ಇಲ್ಲಿ ನಾನು ಕೊಡುವ ಉದಾಹರಣೆಗಳು ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದವು. ಗಿಡ ಬೇರೆಯಾದರೂ ವಿಧಾನ ಇದೇ.

‘ಕಾಡುಹೂಗಳ ಮಿಶ್ರಣ’ ಎಂದು ಚಂದದ ಚಿತ್ರ ಹಾಕಿ ಮಾರುವ ಪೊಟ್ಟಣಗಳ ವಿಷಯದಲ್ಲಿ ನನಗೆ ಸಿಟ್ಟಿದೆ. ಯುರೇಷ್ಯಾದಿಂದ ಬಂದು ಅಮೆರಿಕದ ಕಾಡಂಚುಗಳಿಗೆ ನುಗ್ಗಿರುವ ಡೇಮ್ಸ್ ರಾಕೆಟ್ ಎಂಬ ಹೂಗಿಡ ಇಂಥ ಮಿಶ್ರಣಗಳಲ್ಲೇ ಊರೂರು ಸುತ್ತಿತು. ಪೊಟ್ಟಣದ ಹಿಂದೆ ಪ್ರತಿ ಗಿಡದ ವೈಜ್ಞಾನಿಕ ಹೆಸರು ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ಇನ್ನು ಚಳಿ ತಡೆಯುವ ಲೆಕ್ಕ. ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಮೊದಲು ಪ್ರಕಟಿಸಿದ, 2023ರಲ್ಲಿ ಪರಿಷ್ಕರಿಸಿದ ವಲಯ ನಕ್ಷೆ ವರ್ಷದ ಅತಿ ಕನಿಷ್ಠ ಉಷ್ಣಾಂಶದ ಸರಾಸರಿಯ ಮೇಲೆ ನಿಂತಿದೆ. 5ನೇ ವಲಯವೆಂದರೆ ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್, 3ನೇ ವಲಯವೆಂದರೆ ಮೈನಸ್ 40ರಿಂದ ಮೈನಸ್ 34. ನಕ್ಷೆ ಹೇಳುವುದು ಗಿಡ ಬದುಕೀತೇ ಎಂಬುದನ್ನಷ್ಟೇ. ಅದು ಆ ನೆಲದ್ದೋ ಅಲ್ಲವೋ ಎಂಬುದು ಅದರಲ್ಲಿಲ್ಲ.

ಶರತ್ಕಾಲ: ನೆಲ, ಬೀಜ, ತೆಪ್ಪಗಿರುವುದು

ಹುಲ್ಲುಹಾಸು ಇರುವ ಜಾಗದಲ್ಲಿ ಬಿತ್ತಬೇಕಿದ್ದರೆ ಹುಲ್ಲನ್ನು ಸಾಯಿಸಲು ಒಂದು ಇಡೀ ಬೇಸಿಗೆ ಕೊಡಿ. ಬಣ್ಣದ ಮುದ್ರಣವಿಲ್ಲದ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಅಂಚುಗಳು ಒಂದರ ಮೇಲೊಂದು ಒಂದು ಗೇಣಾದರೂ ಬರುವಂತೆ ಹಾಸಿ, ನೆನೆಸಿ, ಮೇಲೆ ಕಲ್ಲು ಅಥವಾ ಮರದ ಸಿಪ್ಪೆ ಹೇರಿ. ಬಿತ್ತುವ ಹೊತ್ತಿಗೆ ಹೊದಿಕೆಯನ್ನು ಸರಿಸಿ ಬರಿ ನೆಲ ಕಾಣಿಸಬೇಕು. ಅಗೆಯಬೇಡಿ, ಅಗೆದಷ್ಟೂ ಕೆಳಗೆ ಮಲಗಿದ್ದ ಕಳೆಬೀಜ ಮೇಲೆ ಬರುತ್ತದೆ. ಗೊಬ್ಬರವೂ ಬೇಡ. ಹುಲ್ಲುಗಾವಲಿನ ಗಿಡಗಳು ಕೊಬ್ಬಿದ ಮಣ್ಣಿನಲ್ಲಿ ಉದ್ದಕ್ಕೆ ಏರಿ ಮೊದಲ ಮಳೆಗೇ ಅಡ್ಡ ಬೀಳುತ್ತವೆ.

ಬಿತ್ತುವುದು ಯಾವಾಗ? ಒಂದೆರಡು ಗಟ್ಟಿ ಚಳಿ ಬಿದ್ದು, ಇನ್ನು ಮೊಳಕೆ ಏಳುವಷ್ಟು ಬೆಚ್ಚಗಾಗದು ಎನಿಸಿದ ಮೇಲೆ. ಉತ್ತರ ಗೋಳಾರ್ಧದ ಬಹುಪಾಲು ಚಳಿನಾಡುಗಳಲ್ಲಿ ಅದು ನವೆಂಬರ್ ಆಸುಪಾಸು. ಆಸ್ಟರ್‌ನಂಥ ಬೀಜ ಧೂಳಿನಷ್ಟು ಸಣ್ಣದು, ಬರಿಗೈಲಿ ಚೆಲ್ಲಿದರೆ ಒಂದೇ ಕಡೆ ಬಿದ್ದು ಹಾಳು. ಒಂದು ಪಾಲು ಬೀಜಕ್ಕೆ ಐದಾರು ಪಾಲು ಒದ್ದೆ ಮರಳು ಬೆರೆಸಿ. ಅರ್ಧವನ್ನು ಉದ್ದಕ್ಕೂ ಉಳಿದರ್ಧವನ್ನು ಅಡ್ಡಕ್ಕೂ ನಡೆದು ಚೆಲ್ಲಿ. ಮರಳಿನ ಬಣ್ಣದಿಂದ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂಬುದು ಕಾಣುತ್ತದೆ. ಆಮೇಲೆ ಮಣ್ಣು ಮುಚ್ಚದೆ ಹಲಗೆ ಇಟ್ಟು ಅದರ ಮೇಲೆ ನಿಂತು ತುಳಿಯಿರಿ. ಬೀಜಕ್ಕೂ ಮಣ್ಣಿಗೂ ಸಂದು ಉಳಿಯಬಾರದು. ಉಳಿದ ಕೆಲಸ ಹಿಮ ನೋಡಿಕೊಳ್ಳುತ್ತದೆ.

ನಾಟಿಗೆ ಸಸಿ ತಂದಿದ್ದರೆ ಇಷ್ಟು ತಡ ಮಾಡಬೇಡಿ. ನೆಲ ಹೆಪ್ಪುಗಟ್ಟುವುದಕ್ಕೆ ಆರು ವಾರ ಮೊದಲೇ ಬೇರು ಮಣ್ಣು ಹಿಡಿದಿರಬೇಕು.

ತೋಟ ಚೊಕ್ಕ ಮಾಡುವ ಚಟವನ್ನು ಈ ಋತುವಿನಲ್ಲೇ ಕಟ್ಟಿಹಾಕಬೇಕಾದದ್ದು. ಒಣಗಿದ ದಂಟು ಕತ್ತರಿಸಿ, ಎಲೆ ಗುಡಿಸಿ, ನೆಲ ಬೋಳಿಸುವುದು ಸೊಗಸಾಗಿ ಕಾಣುತ್ತದೆ, ನಿಜ. ಆದರೆ ಆ ಎಲೆರಾಶಿಯಲ್ಲಿ ಲೂನಾ ಪತಂಗದ ಗೂಡಿದೆ, ಅದರಡಿಯ ಮಣ್ಣಿನಲ್ಲಿ ಬಂಬಲ್‌ಬೀ ರಾಣಿ ಒಂಟಿಯಾಗಿ ಮಲಗಿದ್ದಾಳೆ. ಕೋನ್‌ಫ್ಲವರ್‌ನ ಮುಳ್ಳುಮುಳ್ಳು ತಲೆಯನ್ನು ಗೋಲ್ಡ್‌ಫಿಂಚ್ ಹಕ್ಕಿಗಳು ಬಂದು ಕುಕ್ಕುತ್ತವೆ. ದಾರಿಯ ಮೇಲೆ ಬಿದ್ದ ಎಲೆಯನ್ನು ಗಿಡದ ಬುಡಕ್ಕೆ ತಳ್ಳಿ, ಕತ್ತರಿಯನ್ನು ಗೂಟಕ್ಕೆ ನೇತುಹಾಕಿ.

ಚಳಿಗಾಲ: ಫ್ರಿಜ್ ಮತ್ತು ಹಾಲಿನ ಕ್ಯಾನ್

ಹಿಮವನ್ನು ಶತ್ರು ಎಂದುಕೊಳ್ಳುವವರಿಗೆ ಒಂದು ಮಾತು. ಹೊಸ ಹಿಮದ ಬಹುಪಾಲು ಬರೀ ಗಾಳಿ, ಥೇಟ್ ಹತ್ತಿಯ ರಜಾಯಿ. ಒಂದಡಿ ಹಿಮ ನಿಂತಿದ್ದರೆ ಹೊರಗೆ ಮೈನಸ್ 20 ಇದ್ದರೂ ಮಣ್ಣಿನ ಮೇಲ್ಪದರ ಸೊನ್ನೆಯ ಹತ್ತಿರವೇ ಇರುತ್ತದೆ. ಗಿಡ ಸಾಯುವುದು ಹಿಮವಿಲ್ಲದ ಚಳಿಗೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಣ್ಣು ಉಬ್ಬಿ ತಗ್ಗಿ, ಶರತ್ಕಾಲದಲ್ಲಿ ನೆಟ್ಟ ಸಸಿಯನ್ನು ಅಲ್ಲಾಡುವ ಹಲ್ಲಿನಂತೆ ಮೇಲಕ್ಕೆ ದಬ್ಬುತ್ತದೆ. ಅದಕ್ಕೆ ಎಲೆಹೊದಿಕೆ ಹಾಕುವುದೇ ಆದರೆ ನೆಲ ಹೆಪ್ಪುಗಟ್ಟಿದ ಮೇಲೆ ಹಾಕಿ, ಹೆಪ್ಪು ಹೆಪ್ಪಾಗಿಯೇ ಉಳಿಯಲಿ.

ಎಳೆಯ ಪೊದೆಗಳಿಗೆ ತಂತಿಬಲೆಯ ಉರುಳೆ ಸುತ್ತಿ. ಹಿಮ ಏರಿದಂತೆ ಮೊಲಗಳು ಅದರ ಮೇಲೆ ನಿಂತು ತೊಗಟೆ ಕಡಿಯುತ್ತವೆ, ಹಾಗಾಗಿ ಬಲೆ ಹಿಮಕ್ಕಿಂತ ಎರಡಡಿ ಎತ್ತರ ಬೇಕು. ಉಪ್ಪು ಹಾಕಿ ಹಿಮ ಕರಗಿಸುವ ದಾರಿಯಿಂದ ತೆಗೆದ ಹಿಮವನ್ನು ಪಾತಿಗೆ ಎರಚಬೇಡಿ.

ನವೆಂಬರ್ ತಪ್ಪಿಸಿಕೊಂಡವರಿಗೆ ಎರಡು ಉಪಾಯಗಳಿವೆ. ಒಂದು ಫ್ರಿಜ್. ಮರಳನ್ನು ನೆನೆಸಿ ಮುಷ್ಟಿಯಲ್ಲಿ ಹಿಂಡಿ. ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಬೀಜ ಬೆರೆಸಿ ಜಿಪ್ ಚೀಲದಲ್ಲಿ ಹಾಕಿ, ಹೆಸರು ತಾರೀಖು ಬರೆದು, 1ರಿಂದ 5 ಡಿಗ್ರಿಯ ತಟ್ಟೆಯಲ್ಲಿಡಿ. ಫ್ರೀಜರ್‌ನಲ್ಲಲ್ಲ. ಮಿಲ್ಕ್‌ವೀಡ್‌ಗೆ ಸುಮಾರು 30 ದಿನ, ನ್ಯೂ ಇಂಗ್ಲೆಂಡ್ ಆಸ್ಟರ್ ಮತ್ತು ಕೆಂಪು ಕೊಲಂಬೈನ್‌ಗೆ 60, ಬ್ಲೂ ಫ್ಲ್ಯಾಗ್ ಐರಿಸ್‌ಗೆ 120. ಕಾಡು ಬರ್ಗಮಾಟ್ ಎಂಬ ಹೂಗಿಡಕ್ಕೆ ಚಳಿಯ ಹಂಗೇ ಇಲ್ಲ. ಒಣಬೀಜವನ್ನು ಪೊಟ್ಟಣ ಸಮೇತ ಫ್ರಿಜ್‌ನಲ್ಲಿಟ್ಟರೆ ಅದು ಕೆಡದೆ ಉಳಿಯುತ್ತದೆ ಅಷ್ಟೇ, ಚಿಲಕ ತೆರೆಯದು.

ಎರಡನೆಯದು ನನಗೆ ಹೆಚ್ಚು ಇಷ್ಟ, ಏಕೆಂದರೆ ದಿನ ಎಣಿಸುವ ತಾಪತ್ರಯವಿಲ್ಲ. ಅರೆಪಾರದರ್ಶಕ ಪ್ಲಾಸ್ಟಿಕ್ ಹಾಲಿನ ಕ್ಯಾನನ್ನು ನಡುವಿನಲ್ಲಿ ಸುತ್ತಲೂ ಕೊಯ್ದು, ಹಿಡಿಯ ಹತ್ತಿರ ಎರಡಂಗುಲ ಬಿಡಿ, ಅದೇ ಕೀಲು. ತಳಕ್ಕೆ ಕಾದ ಮೊಳೆಯಿಂದ ಏಳೆಂಟು ತೂತು. ನಾಲ್ಕಂಗುಲ ಮಣ್ಣು, ಅದರ ಮೇಲೆ ಬೀಜ, ಚೆನ್ನಾಗಿ ನೀರು. ಮುಚ್ಚಿ ಟೇಪು ಸುತ್ತಿ, ಬಿರಡೆ ಮಾತ್ರ ಎಸೆದುಬಿಡಿ. ಜನವರಿಯಲ್ಲಿ ಹೊರಗಿಟ್ಟರೆ ಹಿಮ ಬಾಯಿಯೊಳಗೆ ಬಿದ್ದು ಕರಗಿ ತಾನೇ ನೀರುಣಿಸುತ್ತದೆ. ಹೆಸರನ್ನು ಕ್ಯಾನಿನ ತಳದಲ್ಲೂ ಬರೆಯಿರಿ. ಬಿಸಿಲಿಗೆ ಮೇಲಿನ ಶಾಯಿ ಅಳಿಸಿಹೋಗಿ, ಹನ್ನೊಂದು ಕ್ಯಾನುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ನೋಡಿ ಕುಲ ಗುರುತಿಸುವ ಕಷ್ಟ ನನಗೊಬ್ಬನಿಗೆ ಸಾಕು.

ವಸಂತ: ಆತುರ ಬೇಡ

ಹಿಮ ಕರಗಿದ ದಿನವೇ ತೋಟಕ್ಕಿಳಿಯಬೇಡಿ. ಒದ್ದೆ ಮಣ್ಣು ತುಳಿದರೆ ಗಟ್ಟಿಯಾಗುತ್ತದೆ. ಮೊದಲು ಅರಳುವುದು ವಿಲೋ ಪೊದೆ. ನಿದ್ದೆಯಿಂದೆದ್ದ ಬಂಬಲ್‌ಬೀ ರಾಣಿಗೆ ಅದರ ಪರಾಗವೇ ಮೊದಲ ಊಟ. ಮರಗಳ ಅಡಿ ಬ್ಲಡ್‌ರೂಟ್, ಸ್ಪ್ರಿಂಗ್ ಬ್ಯೂಟಿ, ಟ್ರಿಲಿಯಂ ಏಳುತ್ತವೆ. ಮೇಲೆ ಎಲೆ ಮುಚ್ಚಿ ನೆರಳಾಗುವ ಮುನ್ನ ಸಿಗುವ ಕೆಲವೇ ವಾರಗಳ ಬಿಸಿಲಿನಲ್ಲಿ ಇವುಗಳ ಹೂವಾಟ ಮುಗಿಯಬೇಕು. ಇವುಗಳ ಬೀಜಕ್ಕೆ ಎಣ್ಣೆಯಂಶದ ಒಂದು ತುಣುಕು ಅಂಟಿರುತ್ತದೆ. ಅದರಾಸೆಗೆ ಇರುವೆಗಳು ಬೀಜ ಹೊತ್ತೊಯ್ದು, ತುಣುಕು ತಿಂದು, ಬೀಜ ಎಸೆಯುತ್ತವೆ. ಪುಕ್ಕಟೆ ಬಿತ್ತನೆ! ಟ್ರಿಲಿಯಂಗೆ ಮಾತ್ರ ತಾಳ್ಮೆ ಬೇಕು: ಮೊದಲ ಚಳಿಯ ನಂತರ ಬೇರು, ಎರಡನೆಯದರ ನಂತರ ಎಲೆ, ಹೂವಿಗೆ ಏಳೆಂಟು ವರ್ಷ. ಕಾಡಿನಿಂದ ಕಿತ್ತು ತಂದ ಟ್ರಿಲಿಯಂ ಅಗ್ಗವಾಗಿ ಸಿಗುವುದು ಈ ಕಾರಣಕ್ಕೇ. ಕೊಳ್ಳಬೇಡಿ.

ಹಳೆ ದಂಟುಗಳಿಗೆ ಈಗ ಕತ್ತರಿ ಹಾಕಬಹುದು, ಆದರೆ ಬುಡಕ್ಕಲ್ಲ. ನೆಲದಿಂದ 20ರಿಂದ 60 ಸೆಂಟಿಮೀಟರ್ ಬಿಟ್ಟು, ಒಂದೊಂದನ್ನು ಒಂದೊಂದು ಎತ್ತರಕ್ಕೆ ಕತ್ತರಿಸಿ. ತೆರೆದ ಬಾಯಿಯ ಟೊಳ್ಳು ದಂಟಿನಲ್ಲಿ ಸಣ್ಣ ಕಾಡುಜೇನುಗಳು ಈ ಬೇಸಿಗೆ ಮರಿ ಮಾಡುತ್ತವೆ, ಅವು ಅಲ್ಲೇ ಮುಂದಿನ ಚಳಿ ಕಳೆಯುತ್ತವೆ. ಕತ್ತರಿಸಿದ ತುದಿಗಳನ್ನು ಬೇಲಿಯ ಪಕ್ಕ ಸಡಿಲವಾಗಿ ಪೇರಿಸಿಡಿ, ಒಳಗಿದ್ದವು ಹೊರಬರಲಿ. ಜೂನ್ ಹೊತ್ತಿಗೆ ಹೊಸ ಎಲೆ ಏರಿ ಈ ಮೋಟುಗಳು ಕಣ್ಣಿಗೆ ಬೀಳವು.

ಬೇಸಿಗೆ: ಮೊದಲ ವರ್ಷದ ನಿರಾಸೆ

‘ಮೊದಲ ವರ್ಷ ನಿದ್ದೆ, ಎರಡನೆಯದು ಅಂಬೆಗಾಲು, ಮೂರನೆಯದು ಜಿಗಿತ’ ಎಂಬುದು ಈ ತೋಟಗಾರರ ಹಳೆ ಮಾತು. ಮೊದಲ ಬೇಸಿಗೆಯಲ್ಲಿ ಬಿತ್ತಿದ ಜಾಗದ ತುಂಬ ಕಳೆಯೇ ಕಂಡರೆ ಗಾಬರಿ ಬೇಡ. ನಿಮ್ಮ ಗಿಡಗಳು ಬೆರಳುದ್ದವಿದ್ದು ಕೆಳಗೆ ಬೇರಿಳಿಸುತ್ತಿರುತ್ತವೆ. ಬಿಗ್ ಬ್ಲೂಸ್ಟೆಮ್ ಹುಲ್ಲಿನ ಬೇರು ಕೊನೆಗೆ ಎರಡು ಮೀಟರ್ ದಾಟುತ್ತದೆ. ಕಳೆ ಕಿತ್ತರೆ ಎಳೆಗಿಡವೂ ಜೊತೆಗೆ ಬರುತ್ತದೆ. ಅದಕ್ಕೆ ಕಳೆ ಮೊಣಕಾಲೆತ್ತರ ಬಂದಾಗಲೆಲ್ಲ ಒಂದು ಗೇಣು ಬಿಟ್ಟು ಸವರಿ. ಕಳೆ ಬೀಜ ಕಟ್ಟದು, ನಿಮ್ಮ ಸಸಿಗೆ ಬಿಸಿಲೂ ಸಿಗುತ್ತದೆ. ಇಷ್ಟಾದರೂ ಗುದ್ದಾಟ ಪೂರ್ತಿ ಮುಗಿಯಿತು ಎನ್ನಲಾಗದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1930ರ ದಶಕದಲ್ಲಿ ಮ್ಯಾಡಿಸನ್‌ನ ಹಳೆ ಹೊಲವೊಂದರಲ್ಲಿ ಮರುಕಟ್ಟತೊಡಗಿದ ಕರ್ಟಿಸ್ ಪ್ರೇರಿ ಎಂಬ ಹುಲ್ಲುಗಾವಲಿನಲ್ಲಿ ಇಂದಿಗೂ ಆಕ್ರಮಣಕಾರಿ ಗಿಡಗಳನ್ನು ತೆಗೆಯುತ್ತಲೇ ಇದ್ದಾರೆ.

ನೀರು ಮೊದಲ ವರ್ಷ ಮಾತ್ರ ಬೇಕು. ಜೂನ್‌ನಲ್ಲಿ ಆಸ್ಟರ್‌ನ ಎತ್ತರವನ್ನು ಅರ್ಧಕ್ಕೆ ಕತ್ತರಿಸಿದರೆ ಗಿಡ ಕವಲೊಡೆದು ಕುಳ್ಳಗೆ ತುಂಬಿಕೊಳ್ಳುತ್ತದೆ, ಊರುಗೋಲು ಬೇಡ. ಮಿಲ್ಕ್‌ವೀಡ್ ಎಲೆ ತೂತುತೂತಾದರೆ ಔಷಧಿ ಹೊಡೆಯಬೇಡಿ. ಮೊನಾರ್ಕ್ ಚಿಟ್ಟೆಯ ಮರಿ ತಿನ್ನುವುದು ಆ ಗಿಡದ ಬಳಗವನ್ನಷ್ಟೇ, ನೀವು ನೆಟ್ಟದ್ದೂ ಅದಕ್ಕೇ ತಾನೆ? ಹಾಗೆಯೇ ಗೋಲ್ಡನ್‌ರಾಡ್ ಅರಳಿದಾಗ ಸೀನು ಬಂತೆಂದು ಅದನ್ನು ಕೀಳುವವರಿದ್ದಾರೆ. ಅದರ ಪರಾಗ ಭಾರ, ಅಂಟು. ಕೀಟದ ಮೈಗೆ ಹತ್ತಿಯೇ ಸಾಗಬೇಕು. ಸೀನಿಸುವುದು ಅದೇ ಹೊತ್ತಿಗೆ ಮರೆಯಲ್ಲಿ ಹಸಿರು ಹೂ ಬಿಡುವ, ಗಾಳಿಗೆ ಪರಾಗ ತೂರುವ ರ‍್ಯಾಗ್‌ವೀಡ್.

ಬೇಸಿಗೆ ಇಳಿಯುತ್ತಿದ್ದಂತೆ ಬೀಜದ ಕೊಯ್ಲು. ಮಿಲ್ಕ್‌ವೀಡ್ ಕಾಯಿಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ತಾನಾಗಿ ಬಿರಿದು ಒಳಗೆ ಕಂದು ಬೀಜ ಕಂಡರೆ ಬಲಿತಿದೆ, ಬಿಳಿಯಿದ್ದರೆ ಇನ್ನೂ ಕಾಯಬೇಕು. ಬೀಜಗಳು ಮೀನಿನ ಪೊರೆಯಂತೆ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ರೇಷ್ಮೆಯಂಥ ಜೂಲಿನ ತುದಿಯನ್ನು ಒಂದು ಕೈಲಿ ಬಿಗಿಯಾಗಿ ಹಿಡಿದು ಇನ್ನೊಂದರಿಂದ ಸವರಿದರೆ ಬೀಜವಷ್ಟೇ ಬಟ್ಟಲಿಗೆ ಬೀಳುತ್ತದೆ. ಹಾಲಿನಂಥ ಸೊನೆ ಕಣ್ಣಿಗೆ ತಾಗಬಾರದು, ಕೈ ತೊಳೆದುಕೊಳ್ಳಿ. ವಾರ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ಈ ಕೆಲಸವನ್ನು ಹೊರಗೇ ಮಾಡಿ. ನಾನು ಒಮ್ಮೆ ಅಡುಗೆಮನೆಯ ಮೇಜಿನ ಮೇಲೆ ಮಾಡಲು ಹೋಗಿ ಕಾಯಿ ಕೈಜಾರಿತು. ಡಿಸೆಂಬರ್‌ವರೆಗೂ ಪರದೆಯಲ್ಲಿ, ಸ್ವೆಟರ್‌ನಲ್ಲಿ, ಸಕ್ಕರೆ ಡಬ್ಬಿಯಲ್ಲಿ ಬಿಳಿ ಎಳೆಗಳು ಸಿಗುತ್ತಲೇ ಇದ್ದವು.