ಪಥದ ಪಾಠದಲ್ಲಿ ಗೆರೆ ಎಳೆಯುವುದು ಕೊನೆಗೆ

ಪಥ ಎಂದ ಕೂಡಲೇ ಮಕ್ಕಳು ಪೆನ್ಸಿಲ್ ತೆಗೆದು ಬಾಗಿದ ಗೆರೆಯೊಂದನ್ನು ಎಳೆದುಬಿಡುತ್ತಾರೆ. ಪುಸ್ತಕದಲ್ಲಿ ನೋಡಿರುವುದರಿಂದ ಗೆರೆಯೂ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಆ ಗೆರೆಯ ಮೇಲೆ ಒಂದು ಬಿಂದು ಇಟ್ಟು, 'ವಸ್ತು ಇಲ್ಲಿದ್ದಾಗ ಯಾವ ಕಡೆ ಹೊರಟಿತ್ತು, ಅದನ್ನು ಬಾಗಿಸಿದ್ದು ಏನು?' ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಹಾಗಾಗಿ ನನ್ನ ತರಗತಿಯಲ್ಲಿ ಗೆರೆ ಎಳೆಯುವುದು ಕೊನೆಯ ಕೆಲಸ. ಮೊದಲು ಮೂರು ಪ್ರಶ್ನೆ: ಈಗ ಎಲ್ಲಿದೆ? ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೊರಟಿದೆ? ಅದರ ಮೇಲೆ ಯಾವ ಬಲ ಬೀಳುತ್ತಿದೆ? ಮೇಜಿನ ಅಂಚಿನಿಂದ ಉರುಳಿ ಬೀಳುವ ಗುಂಡಿಗೂ ಚಂದ್ರನತ್ತ ಹೊರಟ ನೌಕೆಗೂ ಇವೇ ಮೂರು. ಎಂಟರಿಂದ ಹತ್ತನೇ ತರಗತಿಯವರೆಗೆ ಇದೇ ಕ್ರಮ ನಡೆಯುತ್ತದೆ, ಲೆಕ್ಕದ ಆಳ ಮಾತ್ರ ಬೇರೆ.

ಆರಂಭ ಮೇಜಿನ ಮೇಲೆ. ಬೇಕಾದದ್ದು ಒಂದು ಉಕ್ಕಿನ ಗುಂಡು, ಇಳಿಜಾರಿಗೆ ಒಂದು ನುಣುಪಾದ ಹಲಗೆ, ಕಾರ್ಬನ್ ಪೇಪರ್, ಬಿಳಿ ಹಾಳೆ, ದಾರ ಮತ್ತು ಒಂದು ನಟ್. ಇಳಿಜಾರು ಮುಗಿದ ಮೇಲೆ ಗುಂಡು ಸುಮಾರು 10 ಸೆಂ.ಮೀ. ಸಮತಟ್ಟಾಗಿ ಉರುಳಿ ಅಂಚು ದಾಟಬೇಕು. ದಾರದ ತುದಿಗೆ ನಟ್ ಕಟ್ಟಿ ಅಂಚಿನಿಂದ ಇಳಿಬಿಟ್ಟು, ಅದು ನೆಲ ಮುಟ್ಟುವ ಜಾಗವನ್ನು ಗುರುತು ಮಾಡಬೇಕು. ದೂರ ಅಳೆಯುವುದು ಆ ಗುರುತಿನಿಂದ. ಮೇಜಿನ ಕಾಲಿನಿಂದ ಅಳೆಯುವ ಗುಂಪು ಪ್ರತಿ ತರಗತಿಯಲ್ಲೂ ಇರುತ್ತದೆ.

ಅಂಚಿನ ಎತ್ತರ 75 ಸೆಂ.ಮೀ. ಆದರೆ ಬೀಳಲು 0.39 ಸೆಕೆಂಡ್ ಸಾಕು. ಗುಂಡನ್ನು 10 ಸೆಂ.ಮೀ. ಎತ್ತರದಿಂದ ಬಿಟ್ಟರೆ ಅಂಚಿನಲ್ಲಿ ವೇಗ ಎಷ್ಟು? ಶಕ್ತಿಯ ನಿಯಮ ಗೊತ್ತಿರುವವರು ತಕ್ಷಣ ಸೆಕೆಂಡಿಗೆ 1.4 ಮೀಟರ್ ಎಂದು ಲೆಕ್ಕ ಹಾಕಿ, ಗುಂಡು 55 ಸೆಂ.ಮೀ. ದೂರದಲ್ಲಿ ಬೀಳುತ್ತದೆ ಎನ್ನುತ್ತಾರೆ. ಬೀಳುವುದು 46ರ ಆಸುಪಾಸಿನಲ್ಲಿ. ಗುಂಡು ಜಾರುವುದಿಲ್ಲ, ಉರುಳುತ್ತದೆ. ಅದರ ಚಲನಶಕ್ತಿಯ ಏಳರಲ್ಲಿ ಎರಡು ಪಾಲು ತನ್ನ ಸುತ್ತ ತಾನು ತಿರುಗುವುದಕ್ಕೇ ಹೋಗುತ್ತದೆ. ನಿಜವಾದ ವೇಗ ಸೆಕೆಂಡಿಗೆ ಸುಮಾರು 1.18 ಮೀಟರ್. ಹಲಗೆಯ ಬದಲು ತೋಡಿರುವ ಪಟ್ಟಿ ಬಳಸಿದರೆ ಗುಂಡು ಎರಡು ಕಡೆ ತಾಗಿ ಉರುಳುವುದರಿಂದ ವೇಗ ಇನ್ನಷ್ಟು ಕಡಿಮೆಯಾಗುತ್ತದೆ. ಈ 9 ಸೆಂ.ಮೀ. ವ್ಯತ್ಯಾಸವನ್ನು 'ಘರ್ಷಣೆ' ಎಂದು ತಳ್ಳಿಹಾಕಲು ನಾನು ಬಿಡುವುದಿಲ್ಲ. ಎರಡನೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಇಡೀ ಪಥ ತಪ್ಪುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ.

ಗುಂಡು ಬಿದ್ದಲ್ಲಿ ಕಾರ್ಬನ್ ಪೇಪರ್ ಬಿಳಿ ಹಾಳೆಯ ಮೇಲೆ ಮೂಡಿಸುವ ಗುರುತುಗಳು ಒಂದೇ ಕಡೆ ಗುಂಪಾಗಿ ಬೀಳದೆ ಚದುರಿದರೆ ಸಾಮಾನ್ಯವಾಗಿ ಬೆರಳೇ ಕಾರಣ, ಬಿಡುವಾಗ ತಿಳಿಯದೆ ತಳ್ಳಿರುತ್ತದೆ. ಸ್ಕೇಲನ್ನು ಅಡ್ಡ ಹಿಡಿದು, ಅದನ್ನು ಇಳಿಜಾರಿನ ಗುಂಟ ಮುಂದಕ್ಕೆ ಸರಕ್ಕನೆ ತೆಗೆದರೆ ಸರಿಹೋಗುತ್ತದೆ. ಗುರುತುಗಳು ಒಟ್ಟಿಗಿದ್ದೂ ಎಲ್ಲವೂ ಹತ್ತಿರವೇ ಬಿದ್ದಿದ್ದರೆ ಅಂಚಿನ ಸಮತಟ್ಟನ್ನು ಪರೀಕ್ಷಿಸಬೇಕು. 5 ಡಿಗ್ರಿ ಕೆಳಕ್ಕೆ ವಾಲಿದ್ದರೂ ಒಂದೂವರೆ ಸೆಂ.ಮೀ.ಯಷ್ಟು ಹತ್ತಿರ ಬೀಳುತ್ತದೆ.

ಆಮೇಲೆ ಫೋನಿನ ವಿಡಿಯೊ. ಸೆಕೆಂಡಿಗೆ 30 ಫ್ರೇಮ್ ಇಟ್ಟು, ಮೂರು ಫ್ರೇಮಿಗೊಮ್ಮೆ ನಿಲ್ಲಿಸಿ ಗುಂಡಿನ ಜಾಗ ಗುರುತಿಸಿದರೆ 0.1 ಸೆಕೆಂಡಿನ ಹೆಜ್ಜೆಗಳು ಸಿಗುತ್ತವೆ. ಅಡ್ಡಕ್ಕೆ ಪ್ರತಿ ಹೆಜ್ಜೆಗೂ ಸುಮಾರು 12 ಸೆಂ.ಮೀ., ಬದಲಾವಣೆಯೇ ಇಲ್ಲ. ಕೆಳಕ್ಕೆ ಮಾತ್ರ ಅಂಚಿನಿಂದ 4.9, ನಂತರ 19.6, ನಂತರ 44.1 ಸೆಂ.ಮೀ.; ಅಂದರೆ 1, 4, 9ರ ಅನುಪಾತ. ಅಡ್ಡಕ್ಕೆ ಬಲವಿಲ್ಲ, ಕೆಳಕ್ಕೆ ಒಂದೇ ಬಲ: ಈ ಎರಡು ಸಾಲಿನ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಕೂಡಿಸಿದಾಗ ಪರವಲಯ ಎಂಬ ಬಾಗಿದ ಗೆರೆ ತಾನಾಗಿ ಮೂಡುತ್ತದೆ.

ಅಳತೆ ಕೆಡುವುದು ಹೆಚ್ಚಾಗಿ ಸ್ಕೇಲ್ ಇಟ್ಟ ಜಾಗದಿಂದ. ಸ್ಕೇಲನ್ನು ಹಿಂದಿನ ಗೋಡೆಗೆ ಅಂಟಿಸಿ, ಗುಂಡು ಗೋಡೆಗಿಂತ 50 ಸೆಂ.ಮೀ. ಮುಂದೆ, ಫೋನ್ ಗುಂಡಿನಿಂದ 2 ಮೀಟರ್ ದೂರದಲ್ಲಿ ಇದ್ದರೆ ಎಲ್ಲ ದೂರಗಳೂ ಶೇ 25ರಷ್ಟು ಹೆಚ್ಚಾಗಿ ಕಾಣುತ್ತವೆ. ಗುರುತ್ವದ ವೇಗೋತ್ಕರ್ಷ 9.8ರ ಬದಲು 12ಕ್ಕಿಂತ ಮೇಲೆ ಬರುತ್ತದೆ. ಸ್ಕೇಲ್ ಗುಂಡು ಬೀಳುವ ಸಮತಲದಲ್ಲೇ ಇರಬೇಕು, ಫೋನ್ ಅದಕ್ಕೆ ನೇರ ಎದುರಾಗಿ, ಅಲುಗಾಡದೆ ನಿಲ್ಲಬೇಕು.

ಮುಂದಿನ ಪಾಠಕ್ಕೆ ಹೋಗುವ ಮುನ್ನ ಒಂದು ಚಿತ್ರ ಬರೆಸಲೇಬೇಕು: ಗಾಳಿಯಲ್ಲಿರುವ ಗುಂಡು ಮತ್ತು ಅದರ ಮೇಲಿನ ಬಲಗಳ ಬಾಣ. ಅರ್ಧದಷ್ಟು ಹಾಳೆಗಳಲ್ಲಿ ಮುಂದಕ್ಕೊಂದು ಬಾಣ ಇದ್ದೇ ಇರುತ್ತದೆ. ಮುಂದಕ್ಕೆ ಹೋಗುತ್ತಿದೆ ಎಂದ ಮೇಲೆ ಮುಂದಕ್ಕೆ ತಳ್ಳುವುದು ಏನೋ ಇರಬೇಕು ಎಂಬ ನಂಬಿಕೆ ಅದು. 'ಆ ಬಾಣವನ್ನು ಯಾರು ಕೊಡುತ್ತಿದ್ದಾರೆ? ಯಾವ ವಸ್ತು ಅದನ್ನು ಮುಟ್ಟಿದೆ?' ಎಂದು ಕೇಳಿ, ಹೆಸರು ಹೇಳಲಾಗದ ಬಾಣವನ್ನು ಅವರ ಕೈಯಿಂದಲೇ ಅಳಿಸಬೇಕು. ವೇಗಕ್ಕೆ ಒಂದು ಬಣ್ಣ, ಬಲಕ್ಕೆ ಇನ್ನೊಂದು ಬಣ್ಣ ಇಟ್ಟರೆ ಕಲಸುಮೇಲೋಗರ ಕಡಿಮೆಯಾಗುತ್ತದೆ. ಇಲ್ಲಿ ಅವಸರ ಮಾಡಿದರೆ ಸುದ್ದಿಯಲ್ಲಿ ಬರುವ ಯಾವ ನೌಕೆಯೂ ಅರ್ಥವಾಗುವುದಿಲ್ಲ.

ನೌಕೆಗಳ ಸುದ್ದಿಗೆ ಬಂದಾಗ ಮೊದಲು ಪತ್ರಿಕೆಯ ಚಿತ್ರವನ್ನು ಪಕ್ಕಕ್ಕಿಡಿಸುತ್ತೇನೆ. ಅದರಲ್ಲಿ ಭೂಮಿಯೂ ಚಂದ್ರನೂ ಅಕ್ಕಪಕ್ಕ ಕೂತಿರುತ್ತವೆ. ಭೂಮಿಯನ್ನು 1 ಸೆಂ.ಮೀ. ಚುಕ್ಕೆ ಮಾಡಿದರೆ ಚಂದ್ರ 30 ಸೆಂ.ಮೀ. ದೂರದಲ್ಲಿರುವ ಮೂರು ಮಿ.ಮೀ.ಗಿಂತ ಚಿಕ್ಕ ಚುಕ್ಕೆ. ಚಂದ್ರಯಾನ-3 ಭೂಮಿಯ ಕಕ್ಷೆ ಬಿಟ್ಟು ಚಂದ್ರನತ್ತ ಹೊರಟದ್ದು 2023ರ ಆಗಸ್ಟ್ 1ರಂದು, ಚಂದ್ರನ ಕಕ್ಷೆ ಸೇರಿದ್ದು ಆಗಸ್ಟ್ 5ರಂದು. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತಾನೆ. ಐದು ದಿನಕ್ಕೆ ಎಷ್ಟಾಯಿತು? ಹಾಳೆಯ ಮೇಲೆ 34 ಸೆಂ.ಮೀ. ಕಮಾನು. ಹೊರಡುವಾಗ ಕಾಣುವ ಚಂದ್ರನಿಗೆ ಗುರಿಯಿಟ್ಟರೆ, ತಲುಪುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ. ಮಾತಿನಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದ್ದು, ಕೋನಮಾಪಕ ಹಿಡಿದು ಕಮಾನು ಎಳೆದಾಗ ಹೋಗುತ್ತದೆ.

ಅದೇ ನೌಕೆ ಜುಲೈ 14ರಂದು ಉಡಾವಣೆಯಾಗಿ, ಆಗಸ್ಟ್ ತನಕ ಭೂಮಿಯನ್ನೇ ಸುತ್ತಿದ್ದೇಕೆ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅದಕ್ಕೆ ಎರಡು ಪಿನ್ನಿನ ದೀರ್ಘವೃತ್ತ: ಪಿನ್ನುಗಳ ಸುತ್ತ ದಾರದ ಕುಣಿಕೆ ಹಾಕಿ, ಪೆನ್ಸಿಲಿನಿಂದ ಅದನ್ನು ಬಿಗಿಯಾಗಿ ಹಿಡಿದು ಸುತ್ತ ಎಳೆಯುವುದು. ಒಂದು ಪಿನ್ ಭೂಮಿ, ಅದು ಕದಲಬಾರದು. ಪಿನ್ನುಗಳ ನಡುವೆ 4 ಸೆಂ.ಮೀ. ಇಟ್ಟು 14 ಸೆಂ.ಮೀ. ದಾರದ ಕುಣಿಕೆಯಿಂದ ಒಂದು ಕಕ್ಷೆ. ಆಮೇಲೆ 8 ಸೆಂ.ಮೀ.ಗೆ 22ರ ಕುಣಿಕೆ. 12ಕ್ಕೆ 30ರ ಕುಣಿಕೆ. ಪಿನ್ ಸರಿಸಿದ ದೂರದ ಎರಡರಷ್ಟು ದಾರ ಉದ್ದವಾದರೆ, ಭೂಮಿಗೆ ಹತ್ತಿರದ ತುದಿ ಮೂರರಲ್ಲೂ 3 ಸೆಂ.ಮೀ.ಯಲ್ಲೇ ಉಳಿದು, ದೂರದ ತುದಿ 7, 11, 15 ಎಂದು ಬೆಳೆಯುತ್ತದೆ. ಹಿಗ್ಗುವ ನೈಲಾನ್ ದಾರ ಬೇಡ, ಹತ್ತಿಯದ್ದೇ ಇರಲಿ. ಹತ್ತಿರದ ತುದಿಯಲ್ಲಿ ಎಂಜಿನ್ ಉರಿಸಿದರೆ ಏರುವುದು ಎದುರು ತುದಿ ಎಂಬುದು ಈ ಚಿತ್ರದಲ್ಲಿ ಎದ್ದು ಕಾಣುತ್ತದೆ. ಒಮ್ಮೆಗೇ ಚಂದ್ರನತ್ತ ಎಸೆಯುವಷ್ಟು ದೊಡ್ಡ ರಾಕೆಟ್ ಇಲ್ಲದಿದ್ದರೂ, ಸುತ್ತಿಗಿಷ್ಟು ವೇಗ ಕೂಡಿಸುತ್ತ ಹೋಗಬಹುದು.

ಇದರ ತಿರುವುಮುರುವು ಅದೇ ಆಗಸ್ಟಿನಲ್ಲಿ ಚಂದ್ರನಲ್ಲಿ ಇಳಿಯಬೇಕಿದ್ದ ರಷ್ಯಾದ ನೌಕೆ ಲೂನಾ-25. ವೇಗ ಕಡಿಮೆ ಮಾಡಿ ಇಳಿಯುವ ಮುನ್ನಿನ ಕಕ್ಷೆಗೆ ಬರಲು ಎಂಜಿನ್ 84 ಸೆಕೆಂಡ್ ಉರಿಯಬೇಕಿತ್ತು. 127 ಸೆಕೆಂಡ್ ಉರಿಯಿತು. ನೌಕೆ ಆಗಸ್ಟ್ 19ರಂದು ಚಂದ್ರನ ನೆಲಕ್ಕೆ ಅಪ್ಪಳಿಸಿತು. ಮೂರು ಪ್ರಶ್ನೆಗಳಲ್ಲಿ ಯಾವುದರ ಉತ್ತರ ಬದಲಾಯಿತು? ಚಂದ್ರನ ಗುರುತ್ವ ಅದೇ, ಎಂಜಿನ್ ಹೊತ್ತಿದ ಜಾಗವೂ ಅದೇ. ವೇಗ ಮಾತ್ರ ಬೇಕಾದ್ದಕ್ಕಿಂತ ಇಳಿಯಿತು, ಕಕ್ಷೆಯ ಎದುರು ತುದಿ ನೆಲದೊಳಗೆ ಹೊಕ್ಕಿತು. ಪಿನ್ ದಾರದಲ್ಲೇ ಇದನ್ನೂ ಬರೆಸಬಹುದು.

ಇಷ್ಟಾದ ಮೇಲೆ, ನನ್ನ ಪ್ರಕಾರ, ಇಡೀ ಪಾಠದ ಅತಿ ಮುಖ್ಯ ಭಾಗ: ಪಥ ಒಂದೇ ಇದ್ದರೂ ನಮಗೆ ಗೊತ್ತಿರುವುದು ಒಂದು ಪಟ್ಟೆ ಮಾತ್ರ. 2024 ವೈಆರ್4 ಎಂಬ ಕ್ಷುದ್ರಗ್ರಹ ಪತ್ತೆಯಾದದ್ದು 2024ರ ಡಿಸೆಂಬರ್ 27ರಂದು. ಅದು 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿ 18ಕ್ಕೆ ಶೇ 3.1ಕ್ಕೆ ಏರಿತು. ಅದೇ ತಿಂಗಳ 24ಕ್ಕೆ ಶೇ 0.004ಕ್ಕೆ ಇಳಿಯಿತು. ಏರಿದ್ದೇಕೆ, ಕುಸಿದದ್ದೇಕೆ? ಕಲ್ಲು ದಾರಿ ಬದಲಿಸಿತೇ? ಗ್ರಾಫ್ ಹಾಳೆಯಲ್ಲಿ ಹೀಗೆ ಮಾಡಿಸಿ. 30 ಸೆಂ.ಮೀ. ಉದ್ದದ ಅಡ್ಡ ಗೆರೆಯೇ ನಿಜವಾದ ದಾರಿ. ಬಲತುದಿಯಲ್ಲಿ, ಗೆರೆಯಿಂದ 1 ಸೆಂ.ಮೀ. ಮೇಲೆ ಕೇಂದ್ರವಿರುವಂತೆ 5 ಮಿ.ಮೀ. ಉದ್ದದ ಲಂಬ ಗುರುತು, ಅದೇ ಭೂಮಿ. ಎಡತುದಿಯಲ್ಲಿ ಒಂದು ವೀಕ್ಷಣೆ, ಅಲ್ಲಿಂದ 2 ಸೆಂ.ಮೀ.ಗೆ ಇನ್ನೊಂದು. ಎರಡಕ್ಕೂ ಮೇಲೆ ಕೆಳಗೆ 1 ಮಿ.ಮೀ. ತಪ್ಪಿಗೆ ಅವಕಾಶ. ಒಂದರ ಮೇಲ್ತುದಿಯಿಂದ ಇನ್ನೊಂದರ ಕೆಳತುದಿಗೆ ಅಡ್ಡಾದಿಡ್ಡಿ ಗೆರೆಗಳನ್ನು ಎಳೆದರೆ ಬಲತುದಿಯಲ್ಲಿ ಪಟ್ಟೆ 58 ಮಿ.ಮೀ. ಅಗಲವಾಗುತ್ತದೆ. ಅದರಲ್ಲಿ ಭೂಮಿ 5 ಮಿ.ಮೀ., ಅಂದರೆ ಶೇ 9ರಷ್ಟು. ಎರಡನೇ ವೀಕ್ಷಣೆಯನ್ನು 4 ಸೆಂ.ಮೀ.ಗೆ ಒಯ್ದರೆ ಪಟ್ಟೆ 28 ಮಿ.ಮೀ.ಗೆ ಕಿರಿದಾಗಿ, ಭೂಮಿಯ ಪಾಲು ಶೇ 18 ಆಗುತ್ತದೆ. 10 ಸೆಂ.ಮೀ.ಗೆ ಒಯ್ದರೆ ಪಟ್ಟೆ 10 ಮಿ.ಮೀ., ಭೂಮಿ ಪೂರ್ತಿ ಹೊರಗೆ, ಸಾಧ್ಯತೆ ಸೊನ್ನೆ.

ಪಟ್ಟೆಯ ಎಲ್ಲ ಜಾಗಕ್ಕೂ ಸಮಾನ ಸಾಧ್ಯತೆ ಎಂದು ಇಲ್ಲಿ ಹಿಡಿದಿದ್ದೇವೆ. ಖಗೋಳ ವಿಜ್ಞಾನಿಗಳ ಲೆಕ್ಕದಲ್ಲಿ ನಡುಭಾಗಕ್ಕೆ ತೂಕ ಹೆಚ್ಚು. ಅದನ್ನು ಹೇಳಿ ಮುಂದೆ ಹೋದರೆ ಸಾಕು. ಸಾಧ್ಯತೆ ಏರಿದಾಗ ಅಪಾಯ ಹತ್ತಿರ ಬಂತು ಎಂದೇನಿಲ್ಲ ಎಂಬುದು ಈ ಒಂದು ಹಾಳೆಯಿಂದ ಉಳಿದುಬಿಡುತ್ತದೆ. ಬೆನ್ನಿಗೇ ನಾಸಾದ ಡಾರ್ಟ್ ನೌಕೆಯ ಉದಾಹರಣೆ ಇಡುತ್ತೇನೆ. 2022ರ ಸೆಪ್ಟೆಂಬರ್ 26ರಂದು ಅದು ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಗುದ್ದಿದ ಮೇಲೆ, ಡೈಮಾರ್ಫಸ್ ತನ್ನ ಜೊತೆಗಾರನನ್ನು ಸುತ್ತುವ ಅವಧಿ 11 ಗಂಟೆ 55 ನಿಮಿಷದಿಂದ 11 ಗಂಟೆ 23 ನಿಮಿಷಕ್ಕೆ ಇಳಿಯಿತು. ಪ್ರಶ್ನೆ ಇಷ್ಟೇ: ಎಲ್ಲಿ ಪಥ ಬದಲಾಯಿತು, ಎಲ್ಲಿ ನಮ್ಮ ತಿಳಿವಳಿಕೆ ಬದಲಾಯಿತು?

ಚಂಡಮಾರುತದ ಮುನ್ಸೂಚನೆಯ ನಕ್ಷೆಗೂ ಇದೇ ಪ್ರಶ್ನೆ ಹಾಕಬಹುದು. ಮುಂದಕ್ಕೆ ಹೋದಂತೆ ಅಗಲವಾಗುವ ಆ ಆಕಾರ ಬಿರುಗಾಳಿಯ ಗಾತ್ರ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಅದು ತೋರಿಸುವುದು ಕೇಂದ್ರ ಇರಬಹುದಾದ ಜಾಗವನ್ನು. ಮಳೆಗಾಳಿ ಅದರ ಹೊರಗೂ ಬೀಳುತ್ತದೆ.

ಬೆಲೆ, ಜನಸಂಖ್ಯೆ, ಸೋಂಕಿನ ರೇಖೆಗಳನ್ನೂ ಪಥ ಎಂದು ಕರೆಯುತ್ತಾರೆ. ಅವನ್ನು ತರಗತಿಗೆ ತರುವಾಗ ನಾನು ಬಿಗಿಯಾಗಿರುತ್ತೇನೆ. ಮೂರನೇ ಪ್ರಶ್ನೆಗೆ ಉತ್ತರ ಇಲ್ಲದೆ ರೇಖೆಯನ್ನು ಮುಂದಕ್ಕೆ ಎಳೆಯಲು ಬಿಡುವುದಿಲ್ಲ. ಹವಾಯಿಯ ಮೌನಾ ಲೋವಾ ವೀಕ್ಷಣಾಲಯದ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳತೆ ಒಳ್ಳೆಯ ಉದಾಹರಣೆ. 1959ರಲ್ಲಿ ವಾರ್ಷಿಕ ಸರಾಸರಿ ದಶಲಕ್ಷಕ್ಕೆ 316 ಭಾಗ, 2024ರಲ್ಲಿ 424ಕ್ಕಿಂತ ಹೆಚ್ಚು. 1960ರ ದಶಕದಲ್ಲಿ ವರ್ಷಕ್ಕೆ 1ಕ್ಕಿಂತ ಕಡಿಮೆ ಏರುತ್ತಿದ್ದದ್ದು ಇತ್ತೀಚೆಗೆ 2ಕ್ಕಿಂತ ಹೆಚ್ಚು ಏರುತ್ತಿದೆ. ಇಳಿಜಾರು ಕಡಿದಾಗುತ್ತಿರುವುದಕ್ಕೆ ಕಾರಣ ಗೊತ್ತು, ನಾವು ಉರಿಸುವ ಇಂಧನ. ಹಾಗಾಗಿ ಮುಂದಿನ ರೇಖೆ ಒಂದಲ್ಲ, ಎಷ್ಟು ಉರಿಸುತ್ತೇವೆ ಎಂಬುದಕ್ಕೆ ತಕ್ಕಂತೆ ಹಲವು.

ಪಾಠದ ಪರೀಕ್ಷೆಗೆ ಈಗ ನಾನು ಕೊಡುವುದು ಅಪೋಫಿಸ್ ಎಂಬ ಕ್ಷುದ್ರಗ್ರಹ. 2029ರ ಏಪ್ರಿಲ್ 13ರಂದು ಅದು ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. 1 ಸೆಂ.ಮೀ. ಭೂಮಿಯ ಹಾಳೆಯಲ್ಲಿ ಅದನ್ನು ಎಲ್ಲಿ ಇಡುತ್ತೀರಿ? ಎರಡೂವರೆ ಸೆಂ.ಮೀ. ದೂರದಲ್ಲಿ ಎಂದು ಲೆಕ್ಕ ಮಾಡಿದವರಿಗೆ ಮುಂದಿನ ಪ್ರಶ್ನೆ: ಹಾದುಹೋದ ಮೇಲೆ ಅದು ಸೂರ್ಯನನ್ನು ಸುತ್ತುವ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದದ್ದು ಒಂದು ವರ್ಷಕ್ಕಿಂತ ಹೆಚ್ಚಾಗುತ್ತದೆ. ಎಂಜಿನ್ ಇಲ್ಲದ ಕಲ್ಲಿಗೆ ಆ ವೇಗ ಎಲ್ಲಿಂದ ಬಂತು? ಬಲದ ಬಾಣವನ್ನು ಎಲ್ಲಿಂದ ಎಲ್ಲಿಗೆ ಎಳೆದರು ಎಂಬುದನ್ನು ನೋಡಿಯೇ ಅಂಕ ಕೊಡುತ್ತೇನೆ. ಗೆರೆ ಎಷ್ಟು ಅಂದವಾಗಿದೆ ಎಂಬುದಕ್ಕೆ ಅಂಕವಿಲ್ಲ.