ಶಿರಸಿ ಸೀಮೆಯಲ್ಲಿ ತೋಟ-ಮನೆ ಕೊಳ್ಳುವ ಮುಂಚೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟ ನೋಡಲು ಹೊರಡುವವರು ಹೆಚ್ಚಾಗಿ ದೀಪಾವಳಿ ಆಸುಪಾಸಿಗೆ ಬರುತ್ತಾರೆ. ಆಗ ಹಳ್ಳದಲ್ಲಿ ನೀರು, ಮರದಲ್ಲಿ ಅಡಕೆ ಕೊನೆ (ಗೊನೆ), ಎಲ್ಲ ತೋಟವೂ ಚೆಂದವೇ. ಏಪ್ರಿಲ್ ಕೊನೆಯಿಂದ ಮೇ ನಡುವೆ ನೀರು ನೋಡಲು ಒಮ್ಮೆ ಬನ್ನಿ. ಜುಲೈನ ಜಡಿಮಳೆಯಲ್ಲಿ ದಾರಿಯನ್ನೂ ಬಸಿಗಾಲುವೆಯನ್ನೂ ನೋಡಲು ಇನ್ನೊಮ್ಮೆ ಬನ್ನಿ. ಎರಡಕ್ಕೂ ಪುರುಸೊತ್ತಿಲ್ಲದಿದ್ದರೆ ಮೇ ತಿಂಗಳನ್ನಂತೂ ಬಿಡಬೇಡಿ.

ಕೃಷಿಕರಲ್ಲದವರು ಜಮೀನು ಕೊಳ್ಳಬಹುದೇ ಎಂದು ಈಗಲೂ ಕೇಳುವವರಿದ್ದಾರೆ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರ ತಿದ್ದುಪಡಿಯಲ್ಲಿ ಹೋದವು, ಕೊಳ್ಳಬಹುದು. ತೊಡಕು ಇರುವುದು ನೀವು ಯಾರೆನ್ನುವುದರಲ್ಲಲ್ಲ, ಜಮೀನು ಯಾವುದೆನ್ನುವುದರಲ್ಲಿ.

ಮೊದಲು ಪಹಣಿ ತೆಗೆಸಿ. ವಿಸ್ತೀರ್ಣ 1-20-0 ಎಂದಿದ್ದರೆ 1 ಎಕರೆ 20 ಗುಂಟೆ (40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ). ಅದರಲ್ಲೇ ಖರಾಬು ಕಳೆಯಬೇಕು. ‘ಅ’ ಖರಾಬು ಸಾಗುವಳಿಗೆ ಬಾರದ ಕಲ್ಲು-ಬರೆ, ‘ಬ’ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ‘ಬ’ ಖರಾಬಿನಲ್ಲಿ ನಿಂತ ಮರಕ್ಕೆ ದುಡ್ಡು ಕೊಡಬೇಡಿ. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರು, 11ರಲ್ಲಿ ಋಣ. ಈ 11ನೇ ಕಾಲಮ್ಮಿನಲ್ಲಿ ಸೊಸೈಟಿ (ಸಹಕಾರಿ ಸಂಘ) ಬೋಜಾ, ಅಂದರೆ ಸಾಲದ ಭಾರ, ಇಲ್ಲದ ತೋಟ ನಮ್ಮ ಕಡೆ ಅಪರೂಪ, ಇದ್ದರೆ ಗಾಬರಿ ಬೇಡ. ಆದರೆ ಸಾಲ ತೀರಿ ಬೋಜಾ ತೆಗೆದುಹಾಕಿದ ಹೊಸ ಪಹಣಿ ಕೈಗೆ ಬರುವವರೆಗೆ ಮುಂಗಡ ಬಿಟ್ಟು ಬೇರೆ ಹಣ ಕೊಡಬಾರದು. ಪಹಣಿಯಲ್ಲಿ ಕಾಣದ ಅಡವು, ಹಳೆಯ ಕರಾರು ಹಿಡಿಯಲು ಕನಿಷ್ಠ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಮಂಜೂರಿ ಆದೇಶದ ಷರತ್ತು ಓದದೆ ಮುಂದೆ ಹೋಗಬೇಡಿ. ಪರಿಶಿಷ್ಟರಿಗೆ ಮಂಜೂರಾಗಿದ್ದರೆ, ಅದು ಎಷ್ಟು ಕೈ ದಾಟಿ ಬಂದಿದ್ದರೂ ಸರ್ಕಾರದ ಪೂರ್ವಾನುಮತಿ ಇಲ್ಲದ ಕ್ರಯವನ್ನು 1978ರ ಕಾಯ್ದೆ ಒಪ್ಪುವುದಿಲ್ಲ.

ಇನ್ನು ಮರ ಎಣಿಸಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಕೆ ಮರ ಹಿಡಿಯುತ್ತವೆ. ಹಳೇ ತೋಟಗಳಲ್ಲಿ ಒತ್ತಾಗಿ ನೆಟ್ಟಿರುವುದುಂಟು. ಆದರೂ ಪಹಣಿಯಲ್ಲಿ ಒಂದೆಕರೆ, ಜಾಗದಲ್ಲಿ 900 ಮರ ಎಂದಾದರೆ ಉಳಿದವು ಬೆಟ್ಟದಲ್ಲೋ ಹಳ್ಳದ ಬದಿಯಲ್ಲೋ ನಿಂತಿವೆ ಎಂದು ಅನುಮಾನ ಪಡಬೇಕು. ಸರ್ವೆ ಮಾಡಿಸದೆ ತೀರದು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಹೇಗೂ ಬೇಕು, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಸರ್ವೆಯವರು ಬಂದ ದಿನ ಅಕ್ಕಪಕ್ಕದ ತೋಟದವರನ್ನೂ ಕರೆಯಿರಿ. ಅವರ ಎದುರು ನೆಟ್ಟ ಗಡಿಕಲ್ಲಿಗೆ ಬೆಲೆ ಹೆಚ್ಚು.

ಬೆಟ್ಟದ ವಿಷಯದಲ್ಲಿ ಹೊರಗಿನವರು ಮೋಸ ಹೋಗುವಷ್ಟು ಇನ್ನೆಲ್ಲೂ ಹೋಗುವುದಿಲ್ಲ. ‘ಒಂದೆಕರೆ ತೋಟ, ಒಂಬತ್ತೆಕರೆ ಬೆಟ್ಟ, ಒಟ್ಟು ಹತ್ತೆಕರೆ’ ಎಂದು ದಲ್ಲಾಳಿ ಹೇಳುವ ಲೆಕ್ಕ ನಂಬಬೇಡಿ. ಸೊಪ್ಪಿನ ಬೆಟ್ಟ (ಸೊಪ್ಪು ತರಲು ತೋಟಕ್ಕೆ ಬಿಟ್ಟುಕೊಟ್ಟ ಸರ್ಕಾರಿ ಗುಡ್ಡ) ತೋಟಕ್ಕೆ ಸಿಕ್ಕ ಸೌಲಭ್ಯ, ಮಾಲ್ಕಿ (ಒಡೆತನ) ಅಲ್ಲ. ಸೊಪ್ಪು ಕಡಿಯಬಹುದು, ದರಕು (ಉದುರಿದ ಒಣ ಎಲೆ) ಗುಡಿಸಬಹುದು, ತೋಟಕ್ಕೆ ಬೇಕಾದಷ್ಟು ಬಳಸಬಹುದು. ಮರ ಕಡಿದು ಮಾರುವುದು, ಗುಡ್ಡ ಬಗೆದು ಹೊಸ ತೋಟ ಎಬ್ಬಿಸುವುದು, ಹೋಮ್‌ಸ್ಟೇ ಕಟ್ಟುವುದು ಯಾವುದೂ ನಡೆಯದು. ಹಾಗಂತ ಬೆಟ್ಟ ಬೇಡವೆಂದಲ್ಲ: ಬೆಟ್ಟವಿಲ್ಲದ ತೋಟಕ್ಕೆ ಸೊಪ್ಪು-ಗೊಬ್ಬರ ವರ್ಷವೂ ದುಡ್ಡು ಕೊಟ್ಟೇ ತರಬೇಕು. ಆ ಬೆಟ್ಟ ಯಾವ ಸರ್ವೆ ನಂಬರು, ಇದೇ ತೋಟಕ್ಕೆ ಸೇರಿದ್ದೋ, ನಾಲ್ಕು ಮನೆಗೆ ಸೇರಿ ಇರುವುದೋ, ಇದನ್ನು ಕಾಗದದಲ್ಲೇ ನೋಡಿ. ಒಟ್ಟಿಗಿದ್ದರೆ ಯಾರ ಪಾಲು ಯಾವ ಕಡೆ ಎನ್ನುವುದು ಊರ ಮಾತಿನಲ್ಲಷ್ಟೇ ಇರುತ್ತದೆ, ಜಗಳ ಹುಟ್ಟುವುದೂ ಅಲ್ಲೇ.

ಅತಿಕ್ರಮಣ ಜಾಗದ್ದು ಇನ್ನೊಂದು ಕಥೆ. ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ಅರಣ್ಯ ಜಾಗದಲ್ಲಿವೆ. ಕರೆಂಟು, ಮನೆ ನಂಬರು, ತೆರಿಗೆ ರಸೀದಿ ಎಲ್ಲ ಇದ್ದರೂ ಮಾಲ್ಕಿ ಬಂದಂತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೂ ಅದು ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಅಂಥದ್ದನ್ನು ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ಕೊಂಡವರ ಬಳಿ ಉಳಿಯುವುದು ಆ ಪೇಪರು ಮಾತ್ರ.

ನೀರಿಗೆ ಬರೋಣ. ಅಬ್ಬಿ ನೀರು (ಗುಡ್ಡದಿಂದ ತಾನಾಗಿ ಇಳಿದು ಬರುವ ನೀರು) ಇದ್ದರೆ ಪಂಪಿನ ಖರ್ಚಿಲ್ಲ, ನಿಜ. ಪೈಪಿನ ಜಾಡು ಹಿಡಿದು ಅಬ್ಬಿಯವರೆಗೂ ಹತ್ತಿ ಹೋಗಿ. ಅದು ಅರಣ್ಯದಲ್ಲಿದೆಯೋ, ಬೇರೆಯವರ ತೋಟದ ತಲೆಯಲ್ಲಿದೆಯೋ ನೋಡಿ. ಸರದಿ ನೀರಾದರೆ ವಾರಕ್ಕೆ ಯಾವ ದಿನ, ಎಷ್ಟು ತಾಸು ಎಂದು ಕೆಳಗಿನ ತೋಟದವರನ್ನೇ ಕೇಳಿ, ಮಾರುವವರನ್ನಲ್ಲ. ಬಾವಿಯಿದ್ದರೆ ಪಂಪು ಹಚ್ಚಿ ಒಂದು ತಾಸು ಎಳೆಸಿ, ನೀರು ಎಷ್ಟು ಇಳಿಯಿತು, ಮರುದಿನ ಬೆಳಿಗ್ಗೆಗೆ ಎಷ್ಟು ಏರಿತು ಎಂದು ಹಗ್ಗಕ್ಕೆ ಗಂಟು ಹಾಕಿ ಅಳೆಯಿರಿ. ಸರದಿ, ಪೈಪು ಹಾಯುವ ಜಾಗ, ಗಾಡಿ ದಾರಿ ಈ ಮೂರೂ ಕ್ರಯಪತ್ರದಲ್ಲಿ ಚಕ್ಕುಬಂದಿಯೊಟ್ಟಿಗೆ (ನಾಲ್ಕೂ ಕಡೆಯ ಗಡಿ ವಿವರ) ಬರೆಸಬೇಕು. ಬಾಯಿಮಾತಿನ ದಾರಿ ಎರಡು ಮನೆ ಮಾತು ಬಿಡುವವರೆಗೆ ಮಾತ್ರ.

ತೋಟದ ಆರೋಗ್ಯವನ್ನು ಮರದ ತಲೆ ನೋಡಿ ಹೇಳಬಹುದು. ಹೆಡೆ (ಗರಿ) ಗಿಡ್ಡವಾಗಿ, ಮುದುಡಿ, ಮುಷ್ಟಿ ಬಿಗಿದಂತಿದ್ದರೆ ಹಿಡಿಮುಂಡಿಗೆ ರೋಗ. ಕೆಳಗೆ ಗಟ್ಟಿ ಪದರ, ನೀರು ಬಸಿಯದ ನೆಲ ಅದಕ್ಕೆ ದಾರಿ. ಬಸಿಗಾಲುವೆ ಬೇರಿನ ಮಟ್ಟಕ್ಕಿಂತ ಕೆಳಗಿದೆಯೇ, ಜುಲೈನಲ್ಲಿ ಅದರಲ್ಲಿ ನೀರು ಹರಿಯುತ್ತದೋ ನಿಲ್ಲುತ್ತದೋ ನೋಡಿ. ಹೆಡೆಯ ಮೇಲೆ ಕಂದು ಚುಕ್ಕೆ ಹರಡಿ ಒಣಗಿದ್ದರೆ ಎಲೆಚುಕ್ಕಿ ರೋಗ. ಕೊಳೆ ರೋಗ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವುದು) ಎಲ್ಲ ತೋಟಕ್ಕೂ ಬರುವಂಥದ್ದೇ. ಮಳೆ ಹಿಡಿಯುವ ಮುಂಚೆ ಒಮ್ಮೆ, 40–45 ದಿನಕ್ಕೆ ಇನ್ನೊಮ್ಮೆ ಶೇ 1ರ ಬೋರ್ಡೊ ದ್ರಾವಣ (100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ) ಹೊಡೆಯಲೇಬೇಕು. ಅದಕ್ಕೇ ಕೇಳಬೇಕಾದ ಪ್ರಶ್ನೆ: ಈ ತೋಟಕ್ಕೆ ಕೊನೆಗೌಡ (ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಆಳು) ಯಾರು, ಮುಂದಿನ ವರ್ಷವೂ ಅವನು ಬರುತ್ತಾನಾ? ಮರ ಹತ್ತುವವರು ಸಿಗದ ಊರಿನಲ್ಲಿ ಅಗ್ಗಕ್ಕೆ ಸಿಕ್ಕ ತೋಟವೂ ತುಟ್ಟಿ. ಬೆಳೆಯ ಲೆಕ್ಕ ಬಾಯಿಮಾತಿನಲ್ಲಿ ಬೇಡ, ಮೂರು ವರ್ಷದ ಸೊಸೈಟಿ ವಿಕ್ರಿ ಪಟ್ಟಿ ತೋರಿಸಲು ಹೇಳಿ. ಹೊಸ ಸಸಿ ನೆಟ್ಟ ಭಾಗಕ್ಕೆ ಫಸಲು ಬರಲು ಐದಾರು ವರ್ಷ ಬೇಕು, ಅದನ್ನು ಫಲದ ತೋಟದ ದರಕ್ಕೆ ಕೊಳ್ಳಬೇಡಿ.

ಸಹಿ ಯಾರ್‍ಯಾರದ್ದು? ನಾಡಕಚೇರಿಯ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರೆಯೇ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು. ಬೆಂಗಳೂರಿನಲ್ಲಿರುವ ತಂಗಿ, ಮುಂಬೈಯ ಅತ್ತೆ ಎಲ್ಲರ ಸಹಿಯೂ ಬೇಕು. ‘ಅವಳು ಏನೂ ಹೇಳೋದಿಲ್ಲ’ ಎನ್ನುವುದು ಸಹಿಯಲ್ಲ.

ಮನೆ ಪಂಚಾಯತಿ ವ್ಯಾಪ್ತಿಯ ನಿವೇಶನದಲ್ಲಿದ್ದರೆ ಇ-ಸ್ವತ್ತು (ಪಂಚಾಯತಿಯ ಆನ್‌ಲೈನ್ ಆಸ್ತಿ ದಾಖಲೆ) ಇದೆಯೇ ಕೇಳಿ. ತೋಟದೊಳಗಿನ ಮನೆಗೆ ಹೆಚ್ಚಾಗಿ ಇರುವುದಿಲ್ಲ. ಬಾಡಿಗೆ ಕೋಣೆ, ರೆಸಾರ್ಟಿನ ಯೋಚನೆಯಿದ್ದರೆ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗುವ ಜಾಗವೇ ಎಂದು ಮೊದಲೇ ತಿಳಿದುಕೊಳ್ಳಿ. ಮನೆ ಹಿಂದೆ ಕಡಿದಾದ ಬರೆ ಇದ್ದರೆ ಅಲ್ಲಿ ಬಿರುಕು, ವಾಲಿದ ಮರ, ಹೊಸದಾಗಿ ಒಸರುವ ನೀರು ಹುಡುಕಿ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು, 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ. ಘಟ್ಟದ ಕೆಳಗೆ, ಕುಮಟಾ-ಹೊನ್ನಾವರದ ಹೊಳೆ ಬದಿಯಲ್ಲಾದರೆ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆಯೇ ಎಂದು ಬಾಯಿಗೆ ಹಾಕಿ ನೋಡಿ. ಸಮುದ್ರದ ಭರತ ರೇಖೆಯಿಂದ 500 ಮೀಟರಿನೊಳಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಅನ್ವಯಿಸುತ್ತದೆ.

ಖರ್ಚು: ಹಳ್ಳಿ ಜಮೀನಿಗೆ ಸೆಸ್, ಸರ್ಚಾರ್ಜ್ ಸೇರಿ ಮುದ್ರಾಂಕ ಶುಲ್ಕ ಶೇ 5.65, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ಸರ್ಕಾರದ ಮಾರ್ಗಸೂಚಿ ದರ, ಕ್ರಯದ ಮೊತ್ತ ಎರಡರಲ್ಲಿ ಹೆಚ್ಚಿನದರ ಮೇಲೆ ಲೆಕ್ಕ. ನೋಂದಣಿಯ ಮೇಲೆ ಮ್ಯುಟೇಶನ್ ಆಗಿ ಪಹಣಿಯಲ್ಲಿ ನಿಮ್ಮ ಹೆಸರು ಕೂತಿದೆಯೇ ನೋಡಿ, ಪಂಪಿನ ಮೀಟರು ನಿಮ್ಮ ಹೆಸರಿಗೆ ಮಾಡಿಸಿ, ಊರ ಸೊಸೈಟಿಯಲ್ಲಿ ಶೇರು ಪಡೆಯಿರಿ. ಬೆಳೆಸಾಲಕ್ಕೂ ಬೆಳೆವಿಮೆಗೂ ಆ ಶೇರು ಕೆಲಸಕ್ಕೆ ಬರುತ್ತದೆ.