ಎಲೆ ಕವುಚಿದ ಮೇಲೆ ಬಾಯಿ ಬಿಡಬೇಡಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಜೊತೆಗಾರರ ಜೊತೆ ಆಡುವ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡಿ ಪಳಗಿದವರು ಪೋಕರ್‌ಗೆ ಕೂತಾಗ ಒಂದು ಗಮನದಲ್ಲಿಡಿ: ಇಲ್ಲಿ ಜೊತೆಗಾರನಿಲ್ಲ, ಒಂದು ಕೈಗೆ ಒಬ್ಬನೇ ಆಟಗಾರ. ಫೋಲ್ಡ್ ಮಾಡಿದವರು, ಅಂದರೆ ಎಲೆ ಕವುಚಿ ಆ ಕೈ ಬಿಟ್ಟವರು, "ಛೆ, ಎರಡು ಆಟೀನ್ ಬಿಟ್ಟೆ ಮಾರಾಯ್ರೆ" ಅಂದರೂ ಆಟ ಕೆಟ್ಟಿತು.

ಹೇಗೆಂದರೆ, ಟರ್ನ್ (ಬೋರ್ಡಿನಲ್ಲಿ, ಅಂದರೆ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬೀಳುವ ನಾಲ್ಕನೇ ಎಲೆ) ಬಿದ್ದ ಮೇಲೆ ಒಬ್ಬರಿಗೆ ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆ) ಇನ್ನೊಂದೇ ಆಟೀನ್ ಬೇಕು ಅಂತಿಟ್ಟುಕೊಳ್ಳಿ. ಕೈಯ ಎರಡು, ಬೋರ್ಡಿನ ನಾಲ್ಕು ಬಿಟ್ಟು ಅವರಿಗೆ ಕಾಣದ 46 ಎಲೆಗಳಲ್ಲಿ 9 ಆಟೀನ್, ಅಂದರೆ ಶೇ. 19.6. ನಿಮ್ಮ ಮಾತು ಕಿವಿಗೆ ಬಿದ್ದರೆ 44ರಲ್ಲಿ 7, ಶೇ. 15.9. ಪಾಟ್‌ನಲ್ಲಿ (ನಡುವೆ ಸೇರಿದ ಪಣ) ಎದುರಾಳಿಯ ಬೆಟ್ಟೂ ಸೇರಿ 500 ಚಿಪ್ ಇದ್ದು, ಕಾಲ್‌ಗೆ (ಅವರಷ್ಟೇ ಹಾಕಿ ಆಟದಲ್ಲಿ ಉಳಿಯಲು) 100 ಹಾಕಬೇಕಿದ್ದರೆ ಕನಿಷ್ಠ 600ರಲ್ಲಿ 100, ಅಂದರೆ ಶೇ. 16.7 ಸಾಧ್ಯತೆ ಇರಬೇಕು. ಕಾಲ್ ಮಾಡಬೇಕಿದ್ದವರು ನಿಮ್ಮಿಂದಾಗಿ ಫೋಲ್ಡ್!

ಬೋರ್ಡಿಗೆ ಜೋಡಿ ಬಿದ್ದಾಗ ನಿಟ್ಟುಸಿರು ಬಿಡುವುದು, ಮುಖ ಕಿವುಚುವುದೂ ಇದೇ ತಪ್ಪು. "ಅವನ ಹತ್ತಿರ ಸ್ಟ್ರೈಟ್ (ಸಾಲಾಗಿ ಬರುವ ಐದು ಎಲೆ) ಇರ್ಬೇಕು" ಎಂಬ ಊಹೆಯಂತೂ ಬೇಡವೇ ಬೇಡ. ಎಲೆ ಯಾರಿಗೂ ತೋರಿಸದೆ ಕವುಚಿ ಡೀಲರ್ ಕಡೆ ತಳ್ಳಿ. ನಮ್ಮಲ್ಲಿ ತುಳು, ಮಲಯಾಳ, ಕನ್ನಡ ಮೂರೂ ಒಂದೇ ಮೇಜಿನಲ್ಲಿ ಓಡುತ್ತವಲ್ಲ, ಕೈ ನಡೆಯುವಾಗ ಎಲ್ಲರಿಗೂ ತಿಳಿಯುವ ಒಂದೇ ಭಾಷೆ ಸಾಕು. ಪಾಟ್‌ನ ಎಣಿಕೆ ತಪ್ಪಿದರೆ, ಸರದಿ ತಪ್ಪಿದರೆ ಮಾತ್ರ ಹೇಳಿ. ಉಳಿದ ಚರ್ಚೆಗೆ ಚಿಪ್ ಗೆದ್ದವರ ಕಡೆ ಹೋದ ಮೇಲೆ ಬೇಕಾದಷ್ಟು ಹೊತ್ತಿದೆ.